ಕರಾವಳಿ, ಶಿರಸಿ ಕಡೆಯ ಹಿತ್ತಲಲ್ಲಿ ಚಳಿಗಾಲದ ಈರುಳ್ಳಿ: ಬೀಜದಿಂದ ಅಟ್ಟದವರೆಗೆ ಹಂತ ಹಂತವಾಗಿ

ಎಲೆ ಸೊಂಪಾಗಿ ಬಂತು, ಕಿತ್ತು ನೋಡಿದರೆ ಗಡ್ಡೆ ಗೋಲಿಯಷ್ಟೇ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆಗೂ, ಹಿತ್ತಲಲ್ಲಿ ಈರುಳ್ಳಿ ಹಾಕಿದವರ ದೂರು ಹೆಚ್ಚುಕಡಿಮೆ ಇದೇ. ಸಸಿ ಬುಡ ಕೊಳೆತು ಮಲಗಿತು, ಗಡ್ಡೆ ಬದಲು ಹೂದಂಟು ಬಂತು, ಅಟ್ಟದಲ್ಲಿಟ್ಟಿದ್ದು ಮಳೆಗಾಲಕ್ಕೆ ಮೊದಲೇ ಕೊಳೆಯಿತು ಅನ್ನುವವರೂ ಇದ್ದಾರೆ. ಎರಡು ವರ್ಷ ನೋಡಿ, ನಮ್ಮ ಮಣ್ಣಿಗೆ ಈರುಳ್ಳಿ ಆಗೋದಿಲ್ಲ ಎಂದು ಕೈಬಿಡುತ್ತಾರೆ.

ಮಣ್ಣಿನ ಮೇಲೆ ತಪ್ಪು ಹಾಕಬೇಡಿ. ಕುಮಟಾದ ಅಳ್ವೆಕೋಡಿ, ವನ್ನಳ್ಳಿ, ಹಂದಿಗೋಣದ ಗದ್ದೆಗಳಲ್ಲಿ ಭತ್ತ ಕೊಯ್ದ ಮೇಲೆ ಇದನ್ನೇ ಬೆಳೆಯುತ್ತಾರೆ, ಬೇಸಗೆಯಲ್ಲಿ ಹೆದ್ದಾರಿ ಪಕ್ಕ ಗೊಂಚಲು ಕಟ್ಟಿ ತೂಗುಹಾಕಿ ಮಾರುತ್ತಾರೆ. ಹಿತ್ತಲಲ್ಲಿ ಸೋಲುವುದಕ್ಕೆ ಮುಖ್ಯ ಕಾರಣ ಕೆಲಸದ ಕ್ರಮ ಮತ್ತು ತಾರೀಕು.

ಶುರು ಮಾಡುವ ಮೊದಲು ಇದೊಂದು ನೋಡಿ

ಎಳೆಯ ಈರುಳ್ಳಿ ಗಿಡ ಒಂದನ್ನು ಕಿತ್ತು, ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಪ್ರತಿ ಎಲೆಯನ್ನೂ ಕೆಳಗೆ ಹಿಂಬಾಲಿಸಿಕೊಂಡು ಹೋದರೆ ಅದು ಬುಡದಲ್ಲಿ ಒಂದು ಬಿಳಿ ಪದರವಾಗಿ ಮುಗಿಯುತ್ತದೆ. ಆ ಪದರವೇ ಮುಂದೆ ಉಬ್ಬಿ ಗಡ್ಡೆಯಾಗುವುದು. ನಾಲ್ಕೇ ಎಲೆ ಇದ್ದರೆ ಉಬ್ಬುವುದಕ್ಕೆ ನಾಲ್ಕೇ ಪದರ, ಎಷ್ಟು ಗೊಬ್ಬರ ಸುರಿದರೂ ಅಷ್ಟೇ.

ಇನ್ನೊಂದು, ಗಡ್ಡೆ ಕಟ್ಟುವ ಹೊತ್ತನ್ನು ಗಿಡ ಹಗಲಿನ ಉದ್ದ ಮತ್ತು ಸೆಕೆ ನೋಡಿ ತೀರ್ಮಾನಿಸುತ್ತದೆ. ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ಹಗಲು ಸುಮಾರು 11 ಗಂಟೆ ಕಾಲು. ಮಾರ್ಚ್ ಮೂರನೇ ವಾರಕ್ಕೆ 12 ಗಂಟೆ ದಾಟುತ್ತದೆ, ಸೆಕೆಯೂ ಏರಿರುತ್ತದೆ. ಆಗ ಗಿಡದಲ್ಲಿ ಎಷ್ಟು ಎಲೆ ಇದ್ದರೂ ಅದು ಗಡ್ಡೆ ಕಟ್ಟುವ ಕೆಲಸಕ್ಕೆ ಇಳಿಯುತ್ತದೆ. ಹಾಗಾಗಿ ಶಿವರಾತ್ರಿ ಹೊತ್ತಿಗೆ ಎಂಟು ಹತ್ತು ಎಲೆ ಬಂದಿರಬೇಕು. ಕೆಳಗಿನ ಎಲ್ಲ ಹಂತಗಳೂ ಈ ಒಂದು ಗುರಿಗಾಗಿಯೇ ಇವೆ.

ಬೇಕಾಗುವ ಸಾಮಾನು

ಗುದ್ದಲಿ, ಪಿಕಾಸಿ, ಕಳೆ ತೆಗೆಯಲು ಸಣ್ಣ ಕತ್ತಿ, ಸಣ್ಣ ತೂತಿನ ಜರಡಿ ಬಾಯಿಯ ನೀರಿನ ಕ್ಯಾನು, ಅಳತೆಗೆ ಗಂಟು ಹಾಕಿದ ಹಗ್ಗ, ಸಸಿ ಮಡಿ ಮುಚ್ಚಲು ಶೇಡ್ ನೆಟ್ಟು ಅಥವಾ ಹಳೆ ಸೀರೆ. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಸುಣ್ಣ, ಒಲೆ ಬೂದಿ, ಮುಚ್ಚಿಗೆಗೆ ದರಕು ಅಥವಾ ಹುಲ್ಲು. ಕೋಳಿ ಇರುವ ಮನೆಯಾದರೆ ಬೇಲಿಗೆ ಅಡಿಕೆ ದಬ್ಬೆ. ಬೀಜ ಹಾಕಿದ ಮಡಿಯನ್ನು ಕೋಳಿ ಒಂದೇ ಬೆಳಿಗ್ಗೆಯಲ್ಲಿ ಕೆದರಿ ಮುಗಿಸುತ್ತದೆ.

ಲೆಕ್ಕ ಎಲ್ಲ 10 ಚದರ ಮೀಟರ್ ಮಡಿಗೆ ಕೊಡುತ್ತೇನೆ. ಅಷ್ಟರಲ್ಲಿ ಸುಮಾರು 660 ಗಿಡ ಹಿಡಿಯುತ್ತದೆ. ಒಂದು ಗಡ್ಡೆ 60 ಗ್ರಾಂ ತೂಗಿದರೂ 40 ಕೆಜಿ ಹತ್ತಿರ ಆಯಿತು.

ಹಂತ 1: ಜಾಗ ಮತ್ತು ಮಣ್ಣು (ಅಕ್ಟೋಬರ್)

ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಅಡಿಕೆ ತೋಟದೊಳಗೆ, ಮಾವಿನ ಮರದ ಅಡಿಯಲ್ಲಿ ಪ್ರಯತ್ನ ಮಾಡಲೇಬೇಡಿ. ಇಲ್ಲಿ ಒಂದು ಮೋಸ ಇದೆ. ಅಕ್ಟೋಬರಿನಲ್ಲಿ ಬಿಸಿಲಿದ್ದ ಜಾಗ ಡಿಸೆಂಬರಿನಲ್ಲಿ ನೆರಳಾಗಬಹುದು, ಯಾಕೆಂದರೆ ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮನೆಯ ಮತ್ತು ಮರಗಳ ನೆರಳು ಉತ್ತರಕ್ಕೆ ಉದ್ದ ಚಾಚುತ್ತದೆ. ಮನೆಯ ಉತ್ತರ ಬದಿ ಬಿಟ್ಟು ದಕ್ಷಿಣ ಅಥವಾ ಪೂರ್ವ ಬದಿ ಆರಿಸಿ.

ಮಳೆ ನಿಂತು ಮಣ್ಣು ಕೈಗೆ ಮೆತ್ತದಷ್ಟು ಆರಿದ ಮೇಲೆ ಅಗೆಯಿರಿ. ಹಸಿ ಮಣ್ಣು ಅಗೆದರೆ ಹೆಂಟೆ ಕಟ್ಟುತ್ತದೆ, ಆಮೇಲೆ ಒಡೆಯುವುದೇ ಇಲ್ಲ. ಈರುಳ್ಳಿ ಬೇರು ಒಂದು ಗೇಣಿಗಿಂತ ಕೆಳಗೆ ಹೋಗುವುದು ಕಡಿಮೆ. ಅಷ್ಟು ಆಳ ಹುಡಿಯಾದರೆ ಸಾಕು, ಅದರೊಳಗೆ ಕಲ್ಲು ಇರಬಾರದು.

ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು. ಮಳೆಗಾಲದ ನೀರು ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗಿರುತ್ತದೆ. ಈರುಳ್ಳಿಗೆ ಅದು ಆಗಿಬರುವುದಿಲ್ಲ. ಚದರ ಮೀಟರಿಗೆ 200 ಗ್ರಾಂ ಕೃಷಿ ಸುಣ್ಣ ಹಾಕಿ ಮಣ್ಣಿಗೆ ಸೇರಿಸಿ. ಚಿಪ್ಪು ಸುಣ್ಣ ನೀರು ಚಿಮುಕಿಸಿ ಹುಡಿ ಮಾಡಿದ್ದಾದರೆ ಅದು ಜಾಸ್ತಿ ತೀಕ್ಷ್ಣ, 100 ಗ್ರಾಂ ಸಾಕು. ಹೊಯ್ಗೆ (ಮರಳು) ಮಣ್ಣಿಗೆ ಇದರ ಅರ್ಧ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿಕೊಂಡರೆ ಈ ಅಂದಾಜು ಬೇಕಾಗುವುದಿಲ್ಲ.

ಸುಣ್ಣ ಮತ್ತು ಗೊಬ್ಬರ ಒಂದೇ ದಿನ ಹಾಕುವ ತಪ್ಪು ತುಂಬಾ ಜನ ಮಾಡುತ್ತಾರೆ. ಗೊಬ್ಬರದಲ್ಲಿರುವ ಸಾರಜನಕ ಗಾಳಿಗೆ ಹೋಗಿಬಿಡುತ್ತದೆ, ಮೂಗಿಗೆ ಬಡಿಯುವ ಘಾಟು ಅದೇ. ಸುಣ್ಣ ಹಾಕಿ ಎರಡು ಮೂರು ವಾರ ಬಿಡಿ. ಆಮೇಲೆ 25 ಕೆಜಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 1 ಕೆಜಿ ಬೇವಿನ ಹಿಂಡಿ. ಹಸಿ ಸಗಣಿ ಹಾಕಿದರೆ ಗೊಬ್ಬರದ ಹುಳ, ಗೆದ್ದಲು ಎರಡನ್ನೂ ಕರೆದ ಹಾಗೆ. ಹೊಯ್ಗೆ ಮಣ್ಣಾದರೆ ಗೊಬ್ಬರ ಒಂದೂವರೆ ಪಟ್ಟು ಹಾಕಿ.

ಮಡಿ ಒಂದು ಮೀಟರ್ ಅಗಲ, ಅರ್ಧ ಗೇಣು ಎತ್ತರ ಇರಲಿ. ಎರಡೂ ಕಡೆಯಿಂದ ಕೈ ಮಧ್ಯದವರೆಗೆ ಹೋಗಬೇಕು. ಮಡಿ ಮೇಲೆ ಕಾಲಿಡುವ ಹಾಗಾಗಬಾರದು.

ಹಂತ 2: ಬೀಜ

ಇಲ್ಲಿ ಆಗುವ ತಪ್ಪನ್ನು ಆಮೇಲೆ ಸರಿಮಾಡಲು ಆಗುವುದಿಲ್ಲ. ಮೊದಲನೆಯದು, ಅಡುಗೆಮನೆಯಲ್ಲಿ ಮೊಳಕೆ ಬಂದ ಈರುಳ್ಳಿ ನೆಟ್ಟು ದೊಡ್ಡ ಗಡ್ಡೆ ಕಾಯುವುದು. ಅದಕ್ಕೆ ಅದು ಎರಡನೇ ಕಾಲ, ಒಡೆದು ಮೂರ್ನಾಲ್ಕು ಕವಲಾಗಿ ಹೂದಂಟು ಬಿಡುವುದೇ ಅದರ ಕೆಲಸ. ಎಲೆಗೆ ಬೇಕಾದರೆ ನೆಡಿ, ಗಡ್ಡೆಗೆ ಬೇಡ.

ಎರಡನೆಯದು ಹಳೆ ಬೀಜ. ಈರುಳ್ಳಿ ಬೀಜ ನಮ್ಮ ಹಸಿ ಹವೆಯಲ್ಲಿ ಒಂದು ವರ್ಷ ದಾಟಿದರೆ ಮೊಳೆಯುವ ಶಕ್ತಿ ಬೇಗ ಇಳಿಯುತ್ತದೆ. 50 ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಹತ್ತು ದಿನದಲ್ಲಿ 35 ಮೊಳೆಯದಿದ್ದರೆ ಬೇರೆ ಪೊಟ್ಟಣ ತನ್ನಿ.

ಮೂರನೆಯದು ತಳಿ. ಆನ್‌ಲೈನಲ್ಲಿ ಸಿಗುವ ಚಂದದ ಚಿತ್ರದ ವಿದೇಶಿ ಬೀಜಗಳಲ್ಲಿ ಕೆಲವಕ್ಕೆ ಗಡ್ಡೆ ಕಟ್ಟಲು 14 ಗಂಟೆ ಹಗಲು ಬೇಕು. ಅಷ್ಟು ಉದ್ದದ ಹಗಲು ನಮ್ಮ ಜಿಲ್ಲೆಯಲ್ಲಿ ವರ್ಷದ ಯಾವ ದಿನವೂ ಇಲ್ಲ. ಚಳಿಗಾಲಕ್ಕೆ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಅರ್ಕಾ ನಿಕೇತನ ಒಳ್ಳೆಯದು, ಇಟ್ಟರೆ ಬಾಳಿಕೆಯೂ ಬರುತ್ತದೆ. ಅಗ್ರಿಫೌಂಡ್ ಲೈಟ್ ರೆಡ್ ಕೂಡ ಆಗುತ್ತದೆ. ಅದೇ ಅಗ್ರಿಫೌಂಡ್ ಹೆಸರಿನ ಡಾರ್ಕ್ ರೆಡ್ ಮಳೆಗಾಲದ್ದು, ಪೊಟ್ಟಣ ಓದಿ ತನ್ನಿ. ಕುಮಟಾ ಕಡೆಯ ಬೆಳೆಗಾರರ ಪರಿಚಯ ಇದ್ದು ಸಿಹಿ ಈರುಳ್ಳಿಯ ಬೀಜ ಸಿಕ್ಕಿದರೆ ನನ್ನ ಆಯ್ಕೆ ಅದೇ.

10 ಚದರ ಮೀಟರಿಗೆ 5 ಗ್ರಾಂ ಬೀಜ ಸಾಕು.

ಹಂತ 3: ಸಸಿ ಮಡಿ (ಅಕ್ಟೋಬರ್ ಕೊನೆ, ನವೆಂಬರ್ ಮೊದಲ ಎರಡು ವಾರ)

ದೀಪಾವಳಿಯಿಂದ ತುಳಸಿ ಮದುವೆಯ ನಡುವೆ ಬೀಜ ಬಿದ್ದಿರಬೇಕು ಎಂದು ನೆನಪಿಟ್ಟುಕೊಂಡರೆ ಸುಲಭ. ಡಿಸೆಂಬರಿಗೆ ತಳ್ಳಿದರೆ ಎಲೆ ಕಡಿಮೆ, ಗಡ್ಡೆ ಸಣ್ಣ. ಅಷ್ಟೇ ಅಲ್ಲ, ಕೀಳುವ ಹೊತ್ತಿಗೆ ಏಪ್ರಿಲ್ ಕೊನೆಯ ಗುಡುಗು ಮಳೆ ಸಿಗುತ್ತದೆ. ಅಕ್ಟೋಬರ್ ಮೊದಲ ವಾರದಲ್ಲೇ ಹಾಕಿದರೆ ಹಿಂಗಾರು ಮಳೆಗೆ ಸಸಿ ಕೊಳೆಯುತ್ತದೆ.

ಒಂದು ಚದರ ಮೀಟರಿನ ಏರುಮಡಿ ಮಾಡಿ. ಮೇಲಿನ ಎರಡು ಅಂಗುಲ ಮಣ್ಣನ್ನು ಜರಡಿ ಹಿಡಿದು ಕಳಿತ ಗೊಬ್ಬರ ಬೆರೆಸಿ. ನಾಲ್ಕು ಬೆರಳು ಅಂತರದಲ್ಲಿ ಗೆರೆ ಎಳೆದು, ಗೆರೆಯಲ್ಲಿ ಬೀಜ ಬಿಡಿಬಿಡಿಯಾಗಿ ಉದುರಿಸಿ, ಒಂದು ಸೆಂಟಿಮೀಟರ್ ಮಣ್ಣು ಮುಚ್ಚಿ. ಮುಷ್ಟಿಯಲ್ಲಿ ಬೀಜ ಹಿಡಿದು ಎರಚಿದರೆ ಒಂದು ಕಡೆ ದಟ್ಟ, ಇನ್ನೊಂದು ಕಡೆ ಬೋಳು. ದಟ್ಟವಾದ ಕಡೆಯೇ ಕೊಳೆ ಮೊದಲು ಬರುವುದು.

ಹುಲ್ಲು ತೆಳ್ಳಗೆ ಮುಚ್ಚಿ ನೀರು ಹನಿಸಿ. ಏಳೆಂಟು ದಿನಕ್ಕೆ ಮೊಳಕೆ ಬಗ್ಗಿದ ದಾರದ ಹಾಗೆ ಮೇಲೆ ಏಳುತ್ತದೆ. ಅದೇ ದಿನ ಸಂಜೆ ಹುಲ್ಲು ತೆಗೆಯಬೇಕು. ಒಂದೆರಡು ದಿನ ತಡವಾದರೂ ಸಸಿ ಹಳದಿಯಾಗಿ ಉದ್ದ ಬೆಳೆದು ಮಲಗುತ್ತದೆ.

ನೀರು ಬೆಳಿಗ್ಗೆಯೇ ಹಾಕಿ. ರಾತ್ರಿ ಮಡಿ ಒದ್ದೆ ಇದ್ದರೆ ಬುಡ ಕೊಳೆ ರೋಗ. ಮಣ್ಣಿನ ಮಟ್ಟದಲ್ಲಿ ಕಾಂಡ ನೀರು ನೀರಾಗಿ ಸಣಕಲಾಗುತ್ತದೆ, ಸಸಿ ಹಸಿರಾಗಿದ್ದಾಗಲೇ ಬೀಳುತ್ತದೆ, ಒಂದು ಗುಂಡಗಿನ ಜಾಗದಿಂದ ಶುರುವಾಗಿ ಸುತ್ತ ಹರಡುತ್ತದೆ. ಆ ಜಾಗದ ಸಸಿಗಳನ್ನು ಕಿತ್ತು ದೂರ ಹಾಕಿ, ಎರಡು ದಿನ ನೀರು ನಿಲ್ಲಿಸಿ, ಶೇ. 1ರ ಬೋರ್ಡೋ ದ್ರಾವಣವನ್ನು ಬುಡಕ್ಕೆ ಹನಿಸಿ. ಅಡಿಕೆ ಇದ್ದ ಮನೆಗಳಲ್ಲಿ ಮೈಲುತುತ್ತ, ಸುಣ್ಣ ಇದ್ದೇ ಇರುತ್ತದೆ. 10 ಲೀಟರ್ ನೀರಿಗೆ ತಲಾ 100 ಗ್ರಾಂ. ಮಡಿಗೆ ಮೊದಲೇ ಟ್ರೈಕೋಡರ್ಮಾ (ಕೊಳೆ ತಡೆಯುವ ಒಳ್ಳೆಯ ಶಿಲೀಂಧ್ರ) ಹಾಕಿದ್ದರೆ ನೆನಪಿಡಿ, ತುತ್ತ ಅದನ್ನೂ ಕೊಲ್ಲುತ್ತದೆ. ಎರಡರಲ್ಲಿ ಒಂದನ್ನೇ ಬಳಸಿ.

ಹಂತ 4: ನಾಟಿ (ಡಿಸೆಂಬರ್)

ಸಸಿಗೆ ಆರೇಳು ವಾರ ಆದಾಗ, ಒಂದು ಗೇಣು ಎತ್ತರ ಬಂದು ಬುಡ ಪೆನ್ಸಿಲಿಗಿಂತ ಸ್ವಲ್ಪ ಸಣ್ಣ ಇದ್ದಾಗ ಕೀಳಿ. ಎಂಟು ವಾರ ದಾಟಿದ ದಪ್ಪ ಸಸಿ ನೋಡಲು ಚೆನ್ನ, ಆದರೆ ಅಂಥದ್ದೇ ಚಳಿಗೆ ಸಿಕ್ಕಿ ಹೂದಂಟು ಬಿಡುವುದು. ಶಿರಸಿ, ಸಿದ್ದಾಪುರದ ಕಡೆ ರಾತ್ರಿ ಚಳಿ ಜಾಸ್ತಿ, ಅಲ್ಲಿ ಇದು ಹೆಚ್ಚು.

ಹಿಂದಿನ ದಿನ ಮಡಿಗೆ ನೀರು ಹಾಕಿ, ಸಂಜೆ ಬಿಸಿಲಿಳಿದ ಮೇಲೆ ನೆಡಿ. ಎಲೆಯ ತುದಿ ಮೂರರಲ್ಲಿ ಒಂದು ಪಾಲು ಕತ್ತರಿಸಿದರೆ ಬೇರು ಹಿಡಿಯುವವರೆಗೆ ಬಾಡುವುದು ಕಡಿಮೆ. ಸಾಲಿನಿಂದ ಸಾಲಿಗೆ 15 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಹಗ್ಗದಲ್ಲಿ ಗಂಟು ಹಾಕಿಕೊಂಡರೆ ಪ್ರತಿ ಸಲ ಅಳೆಯುವ ಕೆಲಸ ಇಲ್ಲ.

ಆಳದ ಬಗ್ಗೆ ಒತ್ತಿ ಹೇಳುತ್ತೇನೆ, ಯಾಕೆಂದರೆ ಬದನೆ, ಟೊಮೆಟೊ ನೆಟ್ಟು ಅಭ್ಯಾಸ ಇದ್ದವರು ಇಲ್ಲಿ ತಪ್ಪುವುದು ಗ್ಯಾರಂಟಿ: ಬೇರು ಮತ್ತು ಬಿಳಿ ಬುಡ ಮುಚ್ಚುವಷ್ಟು, ಎರಡು ಸೆಂಟಿಮೀಟರ್, ಅಷ್ಟೇ. ಸಸಿ ಸ್ವಲ್ಪ ಓರೆಯಾಗಿ ನಿಂತರೂ ಚಿಂತೆ ಇಲ್ಲ, ವಾರದಲ್ಲಿ ತಾನೇ ನೆಟ್ಟಗಾಗುತ್ತದೆ. ಆಳಕ್ಕೆ ಇಟ್ಟರೆ ಗಡ್ಡೆ ಉರುಟಾಗುವ ಬದಲು ಉದ್ದಕ್ಕೆ ಎಳೆಯುತ್ತದೆ, ಕುತ್ತಿಗೆ ದಪ್ಪವಾಗುತ್ತದೆ. ಮುಂದೆಯೂ ಬುಡಕ್ಕೆ ಮಣ್ಣು ಏರಿಸಬೇಡಿ. ಬಲಿತ ಗಡ್ಡೆಯ ಅರ್ಧ ಮಣ್ಣಿನ ಮೇಲೆ ಕಾಣುವುದೇ ಸರಿ.

ಹಂತ 5: ನೀರು, ಗೊಬ್ಬರ, ಕಳೆ

ನೆಟ್ಟ ವಾರ ದಿನಾ ಸ್ವಲ್ಪ ನೀರು. ಆಮೇಲೆ ಜಂಬಿಟ್ಟಿಗೆ ಮಣ್ಣಿಗೆ ಮೂರು ದಿನಕ್ಕೊಮ್ಮೆ, ಚದರ ಮೀಟರಿಗೆ ಒಂದು ಬಕೆಟ್. ಹೊಯ್ಗೆಯಲ್ಲಿ ನೀರು ನಿಲ್ಲುವುದಿಲ್ಲ, ಅದೇ ಲೆಕ್ಕವನ್ನು ದಿನ ಬಿಟ್ಟು ದಿನಕ್ಕೆ ಹಂಚಿ. ಬೆರಳು ಎರಡು ಗೆಣ್ಣು ಮಣ್ಣಿಗೆ ಇಳಿಸಿ, ತಂಪಿದ್ದರೆ ಇವತ್ತು ಬೇಡ. ಒಂದು ವಾರ ಒಣಗಿಸಿ ಮತ್ತೆ ಒಮ್ಮೆಲೇ ಸುರಿದರೆ ಗಡ್ಡೆ ಸೀಳಿ ಜೋಡಿಯಾಗುತ್ತದೆ.

ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಗಳ ಹತ್ತಿರದ ಮನೆಯವರು ಬಾವಿ ನೀರನ್ನು ಫೆಬ್ರವರಿಯಿಂದ ಆಗಾಗ ನಾಲಿಗೆಗೆ ಹಚ್ಚಿ ನೋಡಿ. ಈರುಳ್ಳಿಗೆ ಉಪ್ಪು ತಡೆಯುವುದಿಲ್ಲ. ಎಲೆ ತುದಿ ಸುಟ್ಟಂತೆ ಒಣಗುವುದು, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುವುದು ಮೊದಲ ಗುರುತು. ಸಿಹಿನೀರಿಗೆ ಬೇರೆ ದಾರಿ ಇಲ್ಲದಿದ್ದರೆ ಆ ಜಾಗದಲ್ಲಿ ಈರುಳ್ಳಿ ಬದಲು ಬೇಗ ಮುಗಿಯುವ ಸೊಪ್ಪು ಹಾಕುವುದೇ ಒಳ್ಳೆಯದು.

ಮೇಲುಗೊಬ್ಬರ ಎರಡೇ ಸಲ. ನೆಟ್ಟ 3 ವಾರಕ್ಕೆ ಒಮ್ಮೆ, 6 ವಾರಕ್ಕೆ ಒಮ್ಮೆ. ಹತ್ತು ಪಟ್ಟು ನೀರು ಬೆರೆಸಿದ ಗೋಮೂತ್ರ ಬುಡಕ್ಕೆ, ಇಲ್ಲವಾದರೆ 10 ಚದರ ಮೀಟರಿಗೆ 80 ರಿಂದ 100 ಗ್ರಾಂ ಯೂರಿಯಾ. ಅದಾದ ಮೇಲೆ ಸಾರಜನಕದ ಗೊಬ್ಬರ ಪೂರ್ತಿ ನಿಲ್ಲಿಸಿ. ಫೆಬ್ರವರಿ ಕೊನೆಯಲ್ಲಿ "ಗಡ್ಡೆ ದಪ್ಪ ಆಗಲಿ" ಎಂದು ಮತ್ತೊಂದು ಮುಷ್ಟಿ ಯೂರಿಯಾ ಹಾಕುವವರಿಗೆ ಸಿಗುವುದು ದಪ್ಪ ಕುತ್ತಿಗೆ, ಒಣಗದ ಗಡ್ಡೆ. ಅಟ್ಟದಲ್ಲಿ ಮೊದಲು ಕೊಳೆಯುವುದು ಅಂಥದ್ದೇ. ಬೂದಿ 1 ಕೆಜಿಯಷ್ಟು ಉದುರಿಸಬಹುದು, ಯೂರಿಯಾ ಹಾಕಿದ ವಾರ ಮಾತ್ರ ಬೇಡ.

ಕಳೆಯ ವಿಷಯದಲ್ಲಿ ಈರುಳ್ಳಿ ತುಂಬಾ ಬಡಪಾಯಿ. ಎಲೆ ಅಗಲ ಇಲ್ಲದ್ದರಿಂದ ನೆರಳು ಮಾಡಿ ಕಳೆ ಹತ್ತಿಕ್ಕಲು ಅದಕ್ಕೆ ಬರುವುದಿಲ್ಲ. ಮೊದಲ ಒಂದೂವರೆ ತಿಂಗಳು ವಾರಕ್ಕೊಮ್ಮೆ ಕೈಯಿಂದಲೇ ಕೀಳಿ. ಸಾಲಿನ ನಡುವೆ ದರಕು ತೆಳ್ಳಗೆ ಹರಡಿ, ಕುತ್ತಿಗೆಗೆ ತಾಗಿಸಬೇಡಿ.

ಹಂತ 6: ಪಕ್ಕದ ಮಡಿಗಳಿಗೆ ಏನು

ಈರುಳ್ಳಿಗೆ ಐದು ತಿಂಗಳು ಬೇಕು. ಅಷ್ಟರಲ್ಲಿ ಪಕ್ಕದ ಮಡಿಯಲ್ಲಿ ಹರಿವೆ ನಾಲ್ಕು ಸಲ ಬರುತ್ತದೆ. ಹರಿವೆ ಬೀಜಕ್ಕೆ ಹೊಯ್ಗೆ ಬೆರೆಸಿ ಉದುರಿಸಿ, ಸುತ್ತ ಬೂದಿ ಗೆರೆ ಹಾಕಿ, ಇಲ್ಲದಿದ್ದರೆ ಇರುವೆ ಹೊತ್ತೊಯ್ಯುತ್ತದೆ. ಮೂಲಂಗಿಯನ್ನು ಇರುವ ಜಾಗದಲ್ಲೇ ಬಿತ್ತಿ, ಕಿತ್ತು ನೆಟ್ಟರೆ ಕವಲೊಡೆಯುತ್ತದೆ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ತಿಕ್ಕಿ ಎರಡಾಗಿಸಿ ಹಾಕಿ. ಮೊಗೆಕಾಯಿಗೆ ಡಿಸೆಂಬರ್, ಜನವರಿ ಸರಿಯಾದ ಕಾಲ, ಹಬ್ಬಲು ಜಾಗ ಬಿಡಿ. ಅಲಸಂದೆಗೆ ಚಪ್ಪರ ಮೊದಲೇ ಕಟ್ಟಿ, ಬಳ್ಳಿ ಮೇಲೆದ್ದ ಮೇಲೆ ಕಂಬ ನೆಟ್ಟರೆ ಬೇರಿಗೆ ಪೆಟ್ಟು. ಕೋಸು, ಹೂಕೋಸು ಶಿರಸಿಯಲ್ಲಿ ಬರುತ್ತದೆ. ಕಾರವಾರ, ಅಂಕೋಲಾದ ಸೆಕೆಗೆ ನಾನು ಹೇಳುವುದಿಲ್ಲ.

ಬದನೆ, ಟೊಮೆಟೊ ಹಾಕುವವರಿಗೆ ಸೊರಗು ರೋಗದ ಪರೀಕ್ಷೆ ಗೊತ್ತಿರಲಿ. ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಹಸಿರಾಗಿಯೇ ಜೋತುಬಿದ್ದಿದ್ದರೆ, ನೀರು ಹಾಕಿದರೂ ಏಳದಿದ್ದರೆ, ಬುಡದ ಹತ್ತಿರ ಕಾಂಡ ಕತ್ತರಿಸಿ ಗಾಜಿನ ಲೋಟದ ಶುದ್ಧ ನೀರಿನಲ್ಲಿ ಅಲುಗಾಡದ ಹಾಗೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ದಾರ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ ಸೊರಗು. ಔಷಧ ಹೊಡೆದು ಉಳಿಸಲು ಆಗುವುದಿಲ್ಲ. ಬುಡದ ಮಣ್ಣಿನ ಸಮೇತ ತೆಗೆದು ಸುಡಿ, ಅಲ್ಲಿ ಎರಡು ಮೂರು ವರ್ಷ ಬದನೆ, ಟೊಮೆಟೊ, ಮೆಣಸು ಯಾವುದೂ ಬೇಡ. ಮುಂದಿನ ಸಲ ಈ ರೋಗ ತಡೆಯುವ ತಳಿ ತನ್ನಿ: ಬದನೆಯಲ್ಲಿ ಅರ್ಕಾ ಕೇಶವ, ಅರ್ಕಾ ನಿಧಿ, ಅರ್ಕಾ ನೀಲಕಂಠ, ಟೊಮೆಟೊದಲ್ಲಿ ಅರ್ಕಾ ರಕ್ಷಕ್.

ಹಂತ 7: ಈರುಳ್ಳಿಯಲ್ಲಿ ಕಾಣುವ ಎಚ್ಚರಿಕೆ ಗುರುತುಗಳು

ಎಲೆ ಮೇಲೆ ಬೆಳ್ಳಿಯಂಥ ಬಿಳಿ ಗೀರು, ತುದಿ ಸುರುಟುವುದು: ಥ್ರಿಪ್ಸ್ ನುಸಿ. ಗಿಡವನ್ನು ಬಿಳಿ ಕಾಗದದ ಮೇಲೆ ಬಗ್ಗಿಸಿ ತಟ್ಟಿದರೆ ಹಳದಿ ಬಣ್ಣದ, ಸಾಸಿವೆಗಿಂತ ಸಣ್ಣ ಹುಳ ಓಡುವುದು ಕಾಣುತ್ತದೆ. ಇವು ಅಡಗುವುದು ನಡುವಿನ ಎಳೆ ಎಲೆಗಳ ಸಂದಿಯಲ್ಲಿ. ಲೀಟರ್ ನೀರಿಗೆ 5 ಮಿಲೀ ಬೇವಿನೆಣ್ಣೆ, ಸ್ವಲ್ಪ ಸಾಬೂನು ಕದಡಿ, ಆ ಸಂದಿಗೆ ಇಳಿಯುವ ಹಾಗೆ ಸಂಜೆ ಹೊಡೆಯಿರಿ. ವಾರಕ್ಕೊಮ್ಮೆ, ಮೂರು ಸಲ. ಜನವರಿ, ಫೆಬ್ರವರಿಯಲ್ಲಿ ಬಿಸಿಲು ಏರುತ್ತಿದ್ದಂತೆ ಇದು ಹೆಚ್ಚಾಗುತ್ತದೆ, ಎಲೆ ಕಳೆದುಕೊಳ್ಳಬಾರದ ಹೊತ್ತೂ ಅದೇ.

ಎಲೆಯಲ್ಲಿ ಬಿಳಿ ಚುಕ್ಕೆ ಬಂದು ನಡುವೆ ನೇರಳೆಯಾಗಿ, ಅಲ್ಲೇ ಎಲೆ ಮುರಿದುಬಿದ್ದರೆ ನೇರಳೆ ಮಚ್ಚೆ ರೋಗ. ಇಬ್ಬನಿ ಜಾಸ್ತಿ ಬೀಳುವ ಶಿರಸಿ ಕಡೆ ಇದರ ಕಾಟ ಹೆಚ್ಚು. ರೋಗದ ಎಲೆ ಕಿತ್ತು ಸುಡಿ, ಎಲೆ ಮೇಲೆ ನೀರು ಹಾಕುವುದು ಬಿಡಿ, ಬುಡಕ್ಕೆ ಮಾತ್ರ ಹಾಕಿ.

ಹೂದಂಟು ಬಂದರೆ ಮುರಿದು ಪಲ್ಯಕ್ಕೆ ಬಳಸಿ. ಆ ಗಿಡಕ್ಕೊಂದು ಗುರುತು ಮಾಡಿಟ್ಟು ಮೊದಲು ಕಿತ್ತು ತಿನ್ನಿ. ನಡುವೆ ಗಟ್ಟಿ ದಂಟು ಇರುವ ಗಡ್ಡೆ ಬಾಳುವುದಿಲ್ಲ.

ಹಂತ 8: ಕೀಳುವುದು, ಒಣಗಿಸುವುದು, ತೂಗುಹಾಕುವುದು (ಮಾರ್ಚ್ ಕೊನೆ, ಏಪ್ರಿಲ್)

ಕುತ್ತಿಗೆ ಮೆತ್ತಗಾಗಿ ಎಲೆ ತಾನಾಗಿ ಒಂದು ಬದಿಗೆ ಮಲಗಲು ಶುರುವಾದ ಕೂಡಲೇ ನೀರು ನಿಲ್ಲಿಸಿ. ಇದನ್ನು ನೋಡಿ ಗಾಬರಿಯಾಗಿ ಜಾಸ್ತಿ ನೀರು ಕೊಡುವವರು ಇದ್ದಾರೆ, ಅದೇ ದೊಡ್ಡ ತಪ್ಪು. ಅರ್ಧದಷ್ಟು ಗಿಡ ಮಲಗಿ, ನೀರು ನಿಲ್ಲಿಸಿ ಹತ್ತು ದಿನ ಆದ ಮೇಲೆ ಎಲೆ ಸಮೇತ ಕೀಳಿ. ಕಾಲಿನಿಂದ ತುಳಿದು ಮಲಗಿಸಬೇಡಿ, ಕುತ್ತಿಗೆ ಜಜ್ಜಿದರೆ ಕೊಳೆ ಅಲ್ಲಿಂದಲೇ ಒಳಗಿಳಿಯುತ್ತದೆ.

ಮಡಿ ಮೇಲೆಯೇ ಸಾಲಾಗಿ ಹರಡಿ. ಒಂದು ಸಾಲಿನ ಎಲೆ ಇನ್ನೊಂದು ಸಾಲಿನ ಗಡ್ಡೆಯನ್ನು ಮುಚ್ಚಬೇಕು. ಏಪ್ರಿಲ್ ಬಿಸಿಲು ನೇರ ಬಿದ್ದರೆ ಗಡ್ಡೆಯ ಮೈ ಬೆಂದು ಬಿಳಿಚಿ ಮೆತ್ತಗಾಗುತ್ತದೆ. ಮೂರ್ನಾಲ್ಕು ದಿನ ಹೀಗೆ, ಗುಡುಗು ಕೇಳಿದರೆ ತಕ್ಷಣ ಒಳಗೆ. ಆಮೇಲೆ ಎರಡು ವಾರ ಗಾಳಿಯಾಡುವ ನೆರಳಲ್ಲಿ, ಒಂದೇ ಪದರವಾಗಿ. ಕುತ್ತಿಗೆಯನ್ನು ಬೆರಳಲ್ಲಿ ಹೊಸೆದಾಗ ಒಳಗೆ ಏನೂ ಜಾರಬಾರದು, ಹೊರ ಸಿಪ್ಪೆ ಸರಸರ ಸದ್ದು ಮಾಡಬೇಕು. ಜಾರಿದರೆ ಇನ್ನೂ ಹಸಿ ಇದೆ.

ಜಡೆ ಹೆಣೆಯುವುದಾದರೆ ಎಲೆ ಪೂರ್ತಿ ಒಣಗಿ ಮುರಿಯುವ ಮೊದಲೇ, ನಡುವೆ ಬಾಳೆ ನಾರು ಸೇರಿಸಿ ಹೆಣೆಯಿರಿ, ಬರಿ ಎಲೆ ಭಾರ ತಡೆಯುವುದಿಲ್ಲ. ಹೆಣೆಯದಿದ್ದರೆ ಒಂದು ಅಂಗುಲ ಕುತ್ತಿಗೆ ಬಿಟ್ಟು ಕತ್ತರಿಸಿ ಬಲೆ ಚೀಲದಲ್ಲಿ ತುಂಬಿ. ಪ್ಲಾಸ್ಟಿಕ್ ಚೀಲ, ಮುಚ್ಚಿದ ಡಬ್ಬ ಎರಡೂ ಬೇಡ. ಒಲೆ ಮೇಲಿನ ಅಟ್ಟ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಇಲ್ಲವಾದರೆ ಮಾಡಿನ ಕೆಳಗೆ ಗಾಳಿ ಬೀಸುವ ಕಡೆ ತೂಗುಹಾಕಿ.

ವಾರಕ್ಕೊಮ್ಮೆ ಪ್ರತಿ ಗೊಂಚಲನ್ನೂ ಕೈಯಿಂದ ಒತ್ತಿ ನೋಡಿ, ಮೆತ್ತಗಾದದ್ದನ್ನು ಅವತ್ತೇ ತೆಗೆಯಿರಿ. ದಪ್ಪ ಕುತ್ತಿಗೆಯದು, ಜೋಡಿ ಗಡ್ಡೆ, ಗುದ್ದಲಿ ತಾಗಿದ್ದು ಮೇ ತಿಂಗಳೊಳಗೆ ಅಡುಗೆಗೆ ಹೋಗಲಿ. ಜೂನಿನಲ್ಲಿ ಮಳೆ ಹಿಡಿದ ಮೇಲೆ ನಮ್ಮ ಹವೆಯ ತೇವಕ್ಕೆ ಸಿಪ್ಪೆ ಮೇಲೆ ಕಪ್ಪು ಬೂಷ್ಟು ಬರುತ್ತದೆ. ಹಾಗಾಗಿ ಗಟ್ಟಿ, ಸಣ್ಣ ಕುತ್ತಿಗೆಯ ಗಡ್ಡೆಗಳನ್ನು ಮಾತ್ರ ಮಳೆಗಾಲಕ್ಕೆ ಉಳಿಸಿಕೊಳ್ಳಿ. ಖಾಲಿಯಾದ ಮಡಿಯಲ್ಲಿ ಮೇ ಕೊನೆಗೆ ಅಲಸಂದೆ ಅಥವಾ ಸೆಣಬಿನ ಬೀಜ ಎರಚಿ, ಹೂ ಬರುವ ಹೊತ್ತಿಗೆ ಅಲ್ಲೇ ಕಡಿದು ಮಣ್ಣಿಗೆ ಸೇರಿಸಿ. ಮುಂದಿನ ಚಳಿಗಾಲಕ್ಕೆ ಆ ಮಡಿಯನ್ನು ಈರುಳ್ಳಿಗೆ ಕೊಡದೆ ಬೇರೆ ತರಕಾರಿಗೆ ಬಿಡಿ.